ಕರಗಿದ ಬಳೆಗಳು

ಮೊಮ್ಮಗಳು ಈಗ ಏಳನೇ ತರಗತಿ. ಪರೀಕ್ಷೆ ಹತ್ತಿರ ಬಂತೆಂದರೆ ಅವಳಿಗಿಂತ ಮೊದಲು ನನಗೆ ಜ್ವರ. ಮೊನ್ನೆ ಸಂಜೆ ನಾನು ಬೆಣ್ಣೆ ಕಾಯಿಸುತ್ತ ಒಲೆಯ ಮುಂದೆ ನಿಂತಿದ್ದಾಗ ವಿಜ್ಞಾನದ ಪುಸ್ತಕ ಹಿಡಿದುಕೊಂಡು ಅಡುಗೆಮನೆಗೇ ಬಂದಳು.

"ಅಜ್ಜಿ, ಭೌತ ಬದಲಾವಣೆಗೆ ಐದು, ರಾಸಾಯನಿಕ ಬದಲಾವಣೆಗೆ ಐದು ಉದಾಹರಣೆ ಬರೀಬೇಕು. ಹೇಳು."

ನಾನು ಓದಿದ್ದು ಎಸ್ಸೆಸ್ಸೆಲ್ಸಿಯವರೆಗೆ. ಆದರೂ ಇದು ನನಗೆ ಗೊತ್ತಿರುವ ಪಾಠ. ಆಕಾರವೋ ಸ್ಥಿತಿಯೋ ಬದಲಾಗಿ ವಸ್ತು ಅದೇ ಉಳಿದರೆ ಭೌತ ಬದಲಾವಣೆ. ವಸ್ತುವೇ ಬೇರೆಯಾಗಿಬಿಟ್ಟರೆ ರಾಸಾಯನಿಕ. ನೀರು ಮಂಜುಗಡ್ಡೆಯಾಗುವುದು ಒಂದು, ಹಾಲು ಮೊಸರಾಗುವುದು ಇನ್ನೊಂದು. ಬೆಣ್ಣೆ ಕರಗುವುದನ್ನು ಭೌತದ ಪಟ್ಟಿಗೆ ಬರೆದುಕೊಂಡಳು. ಅಷ್ಟರಲ್ಲಿ ಪಾತ್ರೆಯಿಂದ ಘಮ ಎದ್ದಿತು, ತಳದ ಗಸಿ ಕೆಂಪಾಯಿತು. "ಇದು ಯಾವುದಕ್ಕೆ ಸೇರುತ್ತೆ ಹೇಳು ನೋಡೋಣ" ಎಂದೆ. ಬೆಣ್ಣೆಯಲ್ಲಿ ಉಳಿದ ಹಾಲಿನ ಅಂಶ ಕಾವಿಗೆ ಬೇರೆಯೇ ಆಗಿಬಿಡುತ್ತದೆ. ಆ ಘಮ ಮತ್ತೆ ಬೆಣ್ಣೆಯಾಗಲಾರದು. ಒಂದೇ ಪಾತ್ರೆ, ಹತ್ತು ನಿಮಿಷ, ಎರಡು ಬದಲಾವಣೆ. ಗೆರೆ ಎಳೆದ ಪುಸ್ತಕದಲ್ಲಿ ಇದನ್ನು ಯಾವ ಕಡೆ ಬರೆಯುವುದು ಎಂದು ಅವಳಿಗೆ ತಲೆಬಿಸಿ.

"ಚಿನ್ನ ಕರಗಿಸೋದು?" ಎಂದು ಅವಳೇ ಕೇಳಿದಳು. ಉತ್ತರವನ್ನೂ ಅವಳೇ ಹೇಳಿಕೊಂಡಳು. "ಭೌತ. ಚಿನ್ನ ಚಿನ್ನವೇ ಅಲ್ವಾ?"

ನನ್ನ ಕೈಯ ಸೌಟು ನಿಂತಿತು. ಆ ಮಾತು ನನ್ನದು. 2006ರಲ್ಲಿ ನಾನು ನನ್ನ ತಂಗಿಗೆ ಹೇಳಿದ ಮಾತು.

ನಮ್ಮ ಅಮ್ಮನಿಗೆ ಒಂದು ಜೊತೆ ಚಿನ್ನದ ಬಳೆ ಇತ್ತು. ಬೇರೆ ಬಂಗಾರವೆಲ್ಲ ಕಷ್ಟಕಾಲದಲ್ಲಿ ಒಂದೊಂದಾಗಿ ಮನೆ ಬಿಟ್ಟುಹೋಯಿತು. ಈ ಬಳೆಗಳು ಮಾತ್ರ ಕೈಯಿಂದ ಇಳಿಯಲಿಲ್ಲ. ನೀರು ಸೇದುವಾಗ, ಒರಳಿನಲ್ಲಿ ರುಬ್ಬುವಾಗ, ನಮಗೆ ಎರಡು ಬಿಡುವಾಗ ಸಹ ಅವು ಕೈಯಲ್ಲೇ. ಒಂದು ಬಳೆ ಒಂದು ಕಡೆ ನೆಗ್ಗಿತ್ತು, ಹೆಬ್ಬೆರಳ ಉಗುರು ಕೂರುವಷ್ಟು. ಅಮ್ಮ ಹೋದದ್ದು 2003ರಲ್ಲಿ. ದೊಡ್ಡವಳೆಂದು ಬಳೆಗಳು ನನ್ನ ಬೀರುವಿಗೆ ಬಂದವು. ಮೂರು ವರ್ಷದ ನಂತರ ಮಗಳ ಮದುವೆ ಗೊತ್ತಾಯಿತು. ಎರಡೆಳೆ ಸರಕ್ಕೆ ಚಿನ್ನ ಬೇಕು, ಕೈಯಲ್ಲಿ ಹಣವಿಲ್ಲ. ನೀವಾಗಿದ್ದರೂ ಏನು ಮಾಡುತ್ತಿದ್ದಿರಿ ಹೇಳಿ?

ತಂಗಿಗೆ ವಿಷಯ ತಿಳಿದು ಊರಿಂದ ಬಂದಳು. ಜಗಳವಾಡಲಿಲ್ಲ. "ಅಕ್ಕ, ಆ ನೆಗ್ಗಿದ ಬಳೆ ಒಂದನ್ನಾದರೂ ಹಾಗೇ ಇಡು. ಅದರ ತೂಕದಷ್ಟು ಚಿನ್ನ ನಾನು ಬೇರೆ ಕೊಡ್ತೀನಿ" ಎಂದಳು. ನಾನು ಕೇಳಲಿಲ್ಲ. "ಕರಗಿಸಿದರೆ ಏನಾಯ್ತೇ? ಚಿನ್ನ ಚಿನ್ನವೇ. ಅಮ್ಮನ ಚಿನ್ನವೇ ಮೊಮ್ಮಗಳ ಕೊರಳಲ್ಲಿ ಇರುತ್ತಲ್ಲ" ಎಂದುಬಿಟ್ಟೆ. ಅವಳು ಸುಮ್ಮನಾದಳು. ಮದುವೆಗೆ ಬಂದಳು, ಓಡಾಡಿದಳು, ಬಡಿಸಿದಳು. ಆಮೇಲಿನ ವರ್ಷಗಳಲ್ಲಿ ಗೌರಿಹಬ್ಬಕ್ಕೆ ಕರೆದರೆ ಬರುತ್ತಾಳೆ, ಕಾಫಿ ಕುಡಿಯುತ್ತಾಳೆ, ಅರಿಶಿನ ಕುಂಕುಮ ತೆಗೆದುಕೊಂಡು ಹೋಗುತ್ತಾಳೆ. ಅದಕ್ಕಿಂತ ಹೆಚ್ಚು ಕೂರುವುದಿಲ್ಲ.

ಅಂಗಡಿಯ ಹಿಂದೆ ಏನು ನಡೆಯುತ್ತದೋ ಎಂಬ ಅನುಮಾನಕ್ಕೆ ಹಳೆಯ ಅಕ್ಕಸಾಲಿಯೊಬ್ಬರಲ್ಲಿಗೆ ಹೋಗಿ ನನ್ನ ಕಣ್ಣೆದುರೇ ಕರಗಿಸಿಕೊಡಿ ಎಂದಿದ್ದೆ. ಅವರು ಮೊದಲು ತೂಗಿದರು. ಅಪ್ಪನ ಹಳೆಯ ಲೆಕ್ಕದ ಪುಸ್ತಕದಲ್ಲಿ 1952ರಲ್ಲಿ ಮಾಡಿಸಿದ ಜೊತೆ ಬಳೆ ನಾಲ್ಕು ತೊಲ ಎಂದಿತ್ತು. ಗ್ರಾಂ ಲೆಕ್ಕದಲ್ಲಿ 46 ಗ್ರಾಂ 650 ಮಿಲಿ. ತಕ್ಕಡಿ ತೋರಿಸಿದ್ದು 45 ಗ್ರಾಂ 200. ನಾನು ಮುಖ ಗಂಟಿಕ್ಕಿದೆ. ಅವರು ನಕ್ಕು, "ಸವಕಳಿ ತಾಯಿ, ಐವತ್ತು ವರ್ಷ ದುಡಿದ ಕೈ" ಎಂದರು. ಆಮೇಲೆ ಬಳೆಗಳನ್ನು ತುಂಡುಮಾಡಿ ಮೂಸೆಗೆ ಹಾಕಿ, ಚಿಟಿಕೆ ಬಿಳಿಗಾರ ಉದುರಿಸಿ, ಬೆಂಕಿ ಊದಿದರು. ಅಪ್ಪಟ ಚಿನ್ನ ಕರಗಲು 1064 ಡಿಗ್ರಿ ಕಾವು ಬೇಕು. ತಾಮ್ರ ಬೆರೆತ ಒಡವೆಗೆ ಸ್ವಲ್ಪ ಕಡಿಮೆ ಸಾಕು. ನೋಡನೋಡುತ್ತ ತುಂಡುಗಳ ಅಂಚು ಮೆತ್ತಗಾಗಿ, ಒಂದಕ್ಕೊಂದು ಸೇರಿ, ಮೂಸೆಯ ತಳದಲ್ಲಿ ಒಂದು ಹೊಳೆಯುವ ಗುಂಡು ಕುಣಿಯಿತು. ನೆಗ್ಗಿದ ಜಾಗ ಯಾವುದೆಂದು ಹುಡುಕಿದೆ. ಎಂಥ ಮೂರ್ಖತನ!

ಆ ಸವೆದ ಒಂದೂವರೆ ಗ್ರಾಂ ಎಲ್ಲಿ ಹೋಯಿತು ಎಂದು ಆಮೇಲೆ ಬಹಳ ದಿನ ಯೋಚಿಸಿದ್ದೇನೆ. ವಸ್ತು ನಾಶವಾಗುವುದಿಲ್ಲ ಎಂದು ತಕ್ಕಡಿ ಹಿಡಿದು ತೋರಿಸಿದವನು ಫ್ರಾನ್ಸಿನ ಲವಾಸಿಯೆ. ಮುಚ್ಚಿದ ಪಾತ್ರೆಯಲ್ಲಿ ಸುಟ್ಟು, ಮೊದಲೂ ಆಮೇಲೂ ತೂಗಿ, ಲೆಕ್ಕ ಸರಿಹೋಗುತ್ತದೆ ಎಂದ. 1789ರಲ್ಲಿ ಅವನು ಬರೆದ ಪುಸ್ತಕದ ಚಿತ್ರಗಳನ್ನೆಲ್ಲ ಬಿಡಿಸಿದವಳು ಅವನ ಹೆಂಡತಿ ಮರಿ ಆನ್. 1794ರಲ್ಲಿ ಕ್ರಾಂತಿಕಾರರು ಅವನ ತಲೆ ಕಡಿದರು. ಅದೇ ದಿನ ಅವಳ ತಂದೆಯದನ್ನೂ. ಅವನ ಬರಹಗಳನ್ನು ಒಟ್ಟುಮಾಡಿ ಅಚ್ಚು ಹಾಕಿಸಿದವಳೂ ಅವಳೇ. ಏನೂ ಕಳೆದುಹೋಗುವುದಿಲ್ಲ ಎಂಬ ನಿಯಮವನ್ನು ಅವಳು ಆಮೇಲೆ ಹೇಗೆ ಓದಿಕೊಂಡಳೋ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಅಮ್ಮನ ಆ ಒಂದೂವರೆ ಗ್ರಾಂ ಕೂಡ ನಾಶವಾಗಿಲ್ಲ. ಬಾವಿಯ ಹಗ್ಗಕ್ಕೆ ಸ್ವಲ್ಪ, ಬಟ್ಟೆ ಒಗೆಯುವ ಕಲ್ಲಿಗೆ ಸ್ವಲ್ಪ, ಒರಳಿನ ದೋಸೆಹಿಟ್ಟಿಗೆ ಸ್ವಲ್ಪ. ಅಂದರೆ ಕೆಲವು ಕಣ ನಾವು ಮಕ್ಕಳೇ ತಿಂದಿದ್ದೇವೆ. ಹೊಟ್ಟೆಯ ಆಮ್ಲಕ್ಕೆ ಚಿನ್ನ ಕರಗುವುದಿಲ್ಲ. ಮುಂದಿನದನ್ನು ಇಲ್ಲಿ ಬರೆಯುವುದು ಬೇಡ.

ಚಿನ್ನ ಕರಗಿಸಬಲ್ಲ ಆಮ್ಲವೂ ಇದೆಯೆನ್ನಿ. ಎರಡು ತೀಕ್ಷ್ಣ ಆಮ್ಲಗಳನ್ನು ಬೆರೆಸಿದ ಅದಕ್ಕೆ ‘ಅಕ್ವಾ ರೀಜಿಯ’ ಎಂದು ಹೆಸರು, ಅರಸು ನೀರು ಎಂಬಂತೆ. 1940ರಲ್ಲಿ ಜರ್ಮನ್ ಸೈನ್ಯ ಡೆನ್ಮಾರ್ಕಿಗೆ ನುಗ್ಗಿದಾಗ ಕೋಪನ್‌ಹೇಗನ್ನಿನ ನೀಲ್ಸ್ ಬೋರ್ ಅವರ ಸಂಸ್ಥೆಯಲ್ಲಿ ಇಬ್ಬರು ಜರ್ಮನ್ ವಿಜ್ಞಾನಿಗಳ ನೊಬೆಲ್ ಪದಕಗಳಿದ್ದವು. ಲೌಯೆ ಒಬ್ಬರು, ಫ್ರಾಂಕ್ ಇನ್ನೊಬ್ಬರು. ದೇಶದಿಂದ ಚಿನ್ನ ಹೊರಗೆ ಕಳಿಸುವುದು ಆಗ ಜರ್ಮನಿಯಲ್ಲಿ ಘೋರ ಅಪರಾಧ. ಪದಕದ ಮೇಲೆ ಹೆಸರು ಬೇರೆ ಕೊರೆದಿತ್ತು. ಹೆವೆಶಿ ಎಂಬ ರಸಾಯನ ವಿಜ್ಞಾನಿ ಎರಡೂ ಪದಕಗಳನ್ನು ಈ ದ್ರಾವಣದಲ್ಲಿ ಕರಗಿಸಿ ಸೀಸೆಯನ್ನು ಕಪಾಟಿನಲ್ಲಿ ಇಟ್ಟುಬಿಟ್ಟರು. ಹುಡುಕಲು ಬಂದವರಿಗೆ ಅದು ಬರೀ ಬಣ್ಣದ ನೀರು. ಯುದ್ಧ ಮುಗಿದ ಮೇಲೆ ಸೀಸೆ ಅಲ್ಲೇ ಇತ್ತು. ಚಿನ್ನವನ್ನು ಬೇರ್ಪಡಿಸಿ ಸ್ವೀಡನ್ನಿಗೆ ಕಳಿಸಿದರು. ಮತ್ತೆ ಪದಕಗಳಾಗಿ ಮೂಲದವರಿಗೆ ಬಂದವು.

ಈ ಕಥೆ ಓದಿದಾಗ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಪುಸ್ತಕದ ಪ್ರಕಾರ ಅದು ರಾಸಾಯನಿಕ ಬದಲಾವಣೆ, ಸಾಮಾನ್ಯವಾಗಿ ಹಿಂದಕ್ಕೆ ಬಾರದ್ದು. ಆದರೂ ಪದಕ ಹಿಂದಕ್ಕೆ ಬಂತು, ಅಚ್ಚು ಇತ್ತಲ್ಲ. ಸೀರೆಯ ಅರಿಶಿನದ ಕಲೆ ಸೋಪಿಗೆ ಕೆಂಪಾಗಿ ನಿಂಬೆರಸಕ್ಕೆ ಮತ್ತೆ ಹಳದಿಯಾಗುವುದನ್ನು ನಾವೆಲ್ಲ ಕಂಡಿಲ್ಲವೆ, ಹಾಗೆ. ನನ್ನದು ಬರೀ ಭೌತ ಬದಲಾವಣೆ, ವಸ್ತು ಒಂದಿಷ್ಟೂ ಬೇರೆಯಾಗಲಿಲ್ಲ. ಆದರೆ ಆ ನೆಗ್ಗಿಗೆ ಅಚ್ಚು ಎಲ್ಲಿದೆ?

ಇನ್ನೊಂದು ಮಾತು ಇದಕ್ಕಿಂತ ಕಹಿ. ಚಿನ್ನ ಚಿನ್ನವೇ ಎಂದು ನಾನು ನಿಜವಾಗಿ ನಂಬಿದ್ದರೆ ತಂಗಿ ಕೊಡುತ್ತೇನೆಂದ ಚಿನ್ನವನ್ನು ಏಕೆ ತೆಗೆದುಕೊಳ್ಳಲಿಲ್ಲ? ತೂಕಕ್ಕೆ ತೂಕ, ಸರಕ್ಕೆ ಏನೂ ಕಡಿಮೆಯಾಗುತ್ತಿರಲಿಲ್ಲ. ನನಗೆ ಬೇಕಿದ್ದದ್ದು ಅಮ್ಮನ ಚಿನ್ನವೇ, ನನ್ನ ಮಗಳ ಕೊರಳಿಗೇ. ಅಂದರೆ ಎಲ್ಲ ಚಿನ್ನ ಒಂದೇ ಅಲ್ಲವೆಂದು ತಂಗಿಯಷ್ಟೇ ನನಗೂ ಗೊತ್ತಿತ್ತು. ಅವಳ ಬಾಯಿ ಮುಚ್ಚಿಸಲು ವಿಜ್ಞಾನದ ಮಾತು ಆಡಿದೆ. ಮಾತು ಸುಳ್ಳಲ್ಲ, ಆಡಿದವಳು ಸುಳ್ಳಿ. ಮದುವೆಯ ಖರ್ಚು, ಕೈಗೆ ಹಣವಿಲ್ಲದ ಸಂಕಟ ಎಲ್ಲ ನಿಜವೇ, ಆದರೆ ಅವಳು ಕೇಳಿದ್ದರಿಂದ ಆ ಸಂಕಟ ಒಂದು ಗುಲಗಂಜಿಯಷ್ಟೂ ಹೆಚ್ಚುತ್ತಿರಲಿಲ್ಲ.

"ಅಜ್ಜಿ, ತುಪ್ಪ!" ಎಂದು ಮೊಮ್ಮಗಳು ಕಿರುಚಿದಳು. ಒಲೆ ಆರಿಸಿದೆ. ಚಿನ್ನವನ್ನು ಭೌತದ ಕೆಳಗೇ ಬರೆ, ಅಂಕ ಸಿಗುತ್ತೆ ಎಂದೆ.

ರಾತ್ರಿ ತಂಗಿಗೆ ಫೋನ್ ಮಾಡಿದೆ. ಏನು ಹೇಳಬೇಕೆಂದು ತಿಳಿಯದೆ, "ಅಮ್ಮನ ನೆಗ್ಗಿದ ಬಳೆ ಬಲಗೈದಲ್ವೇನೇ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಎಡಗೈದು" ಎಂದಳು.

"ಗುಂಡು ತಿರುಗಿಸೋದು ಬಲಗೈಲಿ ಅಲ್ವಾ?"

"ಹಿಟ್ಟು ನೂಕೋದು ಎಡಗೈಲಿ ಅಕ್ಕ. ಗುಂಡು ಬಂದು ತಾಗೋದು ಅದಕ್ಕೇ. ನೀನು ಎಂದಾದರೂ ರುಬ್ಬೋ ಹೊತ್ತಿಗೆ ಮನೇಲಿ ಇದ್ದೆಯಾ?"

ಹಾಗೆ ಶುರುವಾದದ್ದು ಅರ್ಧ ಗಂಟೆ ನಡೆಯಿತು. ನಾನು ಬಲಗೈ ಎಂದೇ ವಾದಿಸಿದೆ. ಅವಳು ಒಪ್ಪಲಿಲ್ಲ.