ನಿದಾನವೂ ನಿಧಾನವೂ

ನಿಂತುಹೋದ ಕಾರಿಗಿಂತ ಸೋತುಹೋದ ಕಾರು ಹೆಚ್ಚು ತೊಂದರೆ ಕೊಡುತ್ತದೆ. ನಿಂತ ಕಾರಿನ ವಿಷಯದಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯಿಲ್ಲ. ತಳ್ಳುವವರು ತಳ್ಳುತ್ತಾರೆ, ಸಲಹೆ ಕೊಡುವವರು ಕೊಡುತ್ತಾರೆ, ಕೊನೆಗೆ ಯಾರೋ ಹೋಗಿ ಮೆಕ್ಯಾನಿಕ್ಕನ್ನು ಕರೆದುಕೊಂಡು ಬರುತ್ತಾರೆ. ಸೋತ ಕಾರು ಹಾಗಲ್ಲ. ಅದು ಬೆಳಿಗ್ಗೆ ಸರಿಯಾಗಿಯೇ ಸ್ಟಾರ್ಟ್ ಆಗುತ್ತದೆ. ಪೇಟೆಗೆ ಹೋಗಿ ಬರುತ್ತದೆ. ಆದರೆ ಮೊದಲು ಮೂರನೆಯ ಗೇರಿನಲ್ಲಿ ಹತ್ತುತ್ತಿದ್ದ ಏರನ್ನು ಈಗ ಎರಡನೆಯದರಲ್ಲಿ ಹತ್ತಬೇಕಾಗುತ್ತದೆ. ಗ್ಯಾರೇಜಿನವರು ಇದಕ್ಕೆ ‘ಪಿಕಪ್ ಇಲ್ಲ’ ಅನ್ನುತ್ತಾರೆ, ‘ಗಾಡಿ ಎಳೀತಿಲ್ಲ’ ಅನ್ನುತ್ತಾರೆ. ಎತ್ತಿನ ಗಾಡಿಯ ಕಾಲದ ಮಾತು ಇಂಜಿನ್ನಿಗೂ ಹಾಗೆಯೇ ಬಂದುಬಿಟ್ಟಿದೆ.

ಈ ಸೋಲು ಒಂದೇ ದಿನದಲ್ಲಿ ಬರುವುದಲ್ಲವಾದ್ದರಿಂದ ದಿನವೂ ಓಡಿಸುವವನಿಗೆ ಅದು ಗೊತ್ತಾಗುವುದಿಲ್ಲ. ಅವನ ಬಲಗಾಲು ದಿನಕ್ಕೊಂದು ಎಳ್ಳಿನಷ್ಟು ಹೆಚ್ಚು ಒತ್ತುವುದನ್ನು ತನ್ನಷ್ಟಕ್ಕೆ ತಾನೇ ಕಲಿತುಕೊಂಡಿರುತ್ತದೆ. ವರ್ಷಕ್ಕೊಮ್ಮೆ ಊರಿಗೆ ಬರುವ ತಮ್ಮನೋ ಭಾವನೋ ಸ್ಟಿಯರಿಂಗ್ ಹಿಡಿದು ನೂರು ಗಜ ಹೋಗುವಷ್ಟರಲ್ಲಿ, “ಏನಾಗಿದೆ ಇದಕ್ಕೆ?” ಎಂದು ಕೇಳುತ್ತಾನೆ. ಮನೆಯ ಹಿರಿಯರು ಇಳಿದುಹೋಗಿರುವುದೂ ಹೊರಗಿನಿಂದ ಬಂದವರಿಗೇ ಮೊದಲು ಕಾಣುತ್ತದೆ. ಹತ್ತಿರ ಇರುವುದರಿಂದ ಎಲ್ಲವೂ ತಿಳಿಯುತ್ತದೆ ಎಂಬ ನಮ್ಮ ನಂಬಿಕೆಗೆ ಇದೊಂದು ಸಣ್ಣ ಎಚ್ಚರಿಕೆ.

ಕಾರ್ಬೊರೇಟರ್ ಇದ್ದ ಹಳೆಯ ಕಾರುಗಳನ್ನೇ ನಾನು ಇಲ್ಲಿ ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ. ಮುಖ್ಯವಾಗಿ ಪ್ರೀಮಿಯರ್ ಪದ್ಮಿನಿ. 1089 ಸಿಸಿಯ, ನಾಲ್ಕು ಸಿಲಿಂಡರಿನ, ಸ್ಟಿಯರಿಂಗ್ ಪಕ್ಕದಲ್ಲೇ ಗೇರ್ ಕಡ್ಡಿ ಇದ್ದ ಆ ಕಾರು ಒಂದು ಕಾಲದಲ್ಲಿ ನಮ್ಮ ಮಲೆನಾಡಿನ ಊರುಗಳಲ್ಲಿ ಡಾಕ್ಟರು, ವಕೀಲರು, ಸಣ್ಣ ಪ್ಲಾಂಟರುಗಳ ಮನೆಮುಂದೆ ಇರುತ್ತಿತ್ತು. ಮುಂಬಯಿಯಲ್ಲಿ ಟ್ಯಾಕ್ಸಿಯಾಗಿ ದುಡಿಯುತ್ತಿದ್ದ ಕೊನೆಯ ಪದ್ಮಿನಿಗಳೂ 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಮರೆಯಾದವು. ಅದರ ಇಂಜಿನ್ ಕಣ್ಣಿಗೆ ಕಾಣುತ್ತಿತ್ತು, ಕೈಗೆ ಸಿಗುತ್ತಿತ್ತು. ಆದ್ದರಿಂದಲೇ ಅದರ ರೋಗ ಹುಡುಕುವುದರಲ್ಲಿ ಮನುಷ್ಯ ಹೇಗೆ ಯೋಚಿಸುತ್ತಾನೆ ಎಂಬುದೂ ಕಾಣುತ್ತಿತ್ತು.

ಪೆಟ್ರೋಲ್ ಇಂಜಿನ್ನಿಗೆ ಬೇಕಾದದ್ದು ನಾಲ್ಕೇ: ಗಾಳಿ, ಪೆಟ್ರೋಲು, ಸರಿಯಾದ ಹೊತ್ತಿಗೆ ಕಿಡಿ, ಅದುಮುವ ಒತ್ತಡ. ಉರಿದ ಹೊಗೆ ಹೊರಗೆ ಹೋಗಲು ದಾರಿಯೂ ಬೇಕು. ಇವುಗಳಲ್ಲಿ ಯಾವುದು ಕಡಿಮೆಯಾದರೂ ಹೊರಗೆ ಕಾಣುವ ಲಕ್ಷಣ ಒಂದೇ: ಗಾಡಿ ಎಳೆಯುವುದಿಲ್ಲ. ಏರ್ ಫಿಲ್ಟರಿನಲ್ಲಿ ಧೂಳು ಕಟ್ಟಿರಬಹುದು. ಆಕ್ಸಿಲರೇಟರಿನ ಜೋಡಣೆ ಸಡಿಲಾಗಿ, ಕಾಲು ಪೂರ್ತಿ ಒತ್ತಿದರೂ ಒಳಗಿನ ಬಾಗಿಲು ಅರ್ಧವೇ ತೆರೆಯುತ್ತಿರಬಹುದು. ಜೆಟ್ಟಿನಲ್ಲಿ ಕಸ ಕೂತಿರಬಹುದು. ಪಾಯಿಂಟ್ ಸವೆದು ಟೈಮಿಂಗ್ ಹಿಂದೆ ಬಿದ್ದಿರಬಹುದು. ಟ್ಯಾಪೆಟ್ ತೀರಾ ಬಿಗಿಯಾಗಿ ವಾಲ್ವು ಪೂರ್ತಿ ಮುಚ್ಚದೆ ಇರಬಹುದು. ಪಿಸ್ಟನ್ ರಿಂಗ್ ಸವೆದಿರಬಹುದು. ಸೈಲೆನ್ಸರಿನೊಳಗೆ ತುಕ್ಕು ಉದುರಿ ಹೊಗೆಯ ದಾರಿ ಕಟ್ಟಿರಬಹುದು.

ಇನ್ನೂ ಒಂದು ಸಾಧ್ಯತೆ ಇದೆ. ಇಂಜಿನ್ನಿನದು ಏನೂ ತಪ್ಪಿಲ್ಲದಿರಬಹುದು. ಬ್ರೇಕ್ ಪೂರ್ತಿ ಬಿಡದೆ ಚಕ್ರವನ್ನು ಹಿಡಿದುಕೊಂಡಿದ್ದರೂ ಗಾಡಿ ಎಳೆಯುವುದಿಲ್ಲ. ಸ್ವಲ್ಪ ದೂರ ಓಡಿಸಿ ಇಳಿದು ನಾಲ್ಕೂ ಡ್ರಮ್ಮುಗಳ ಹತ್ತಿರ ಕೈ ಹಿಡಿದು ನೋಡಿದರೆ ಯಾವುದು ಸುಡುತ್ತಿದೆ ಎಂದು ತಿಳಿಯುತ್ತದೆ. ಕ್ಲಚ್ ಜಾರುತ್ತಿದ್ದರೆ ಇಂಜಿನ್ ಅರಚುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ಕೆಲವೊಮ್ಮೆ ಕಾರಣ ಕಾರಿನಲ್ಲೇ ಇರುವುದಿಲ್ಲ. ಮಂಗಳೂರಿನಿಂದ ಹೊರಟು 1100 ಮೀಟರಿಗೂ ಎತ್ತರದ ಮಡಿಕೇರಿಗೆ ಬರುವ ಹೊತ್ತಿಗೆ ಇಂಥ ಇಂಜಿನ್ನು ತನ್ನ ಶಕ್ತಿಯಲ್ಲಿ ಸುಮಾರು ಹತ್ತನೆಯ ಒಂದು ಪಾಲನ್ನು ಕಳೆದುಕೊಂಡಿರುತ್ತದೆ. ಅಲ್ಲಿ ಗಾಳಿಯೇ ತೆಳು. 2023ರಿಂದ ನಮ್ಮಲ್ಲಿ ನೂರಕ್ಕೆ 20 ಪಾಲು ಎಥೆನಾಲ್ ಬೆರೆಸಿದ ಪೆಟ್ರೋಲು ಬಂದಿದೆ. ಎಥೆನಾಲಿನಲ್ಲಿ ಅಷ್ಟೇ ಅಳತೆಯ ಪೆಟ್ರೋಲಿನಲ್ಲಿರುವುದರ ಮೂರನೆಯ ಎರಡು ಪಾಲಿನಷ್ಟು ಮಾತ್ರ ಕಾವು ಇದೆ. ಹಳೆಯ ಕಾರಿನ ರಬ್ಬರ್ ಕೊಳವೆಗಳಿಗೂ ಅದು ಒಗ್ಗುವುದಿಲ್ಲ. ಸೋತವನ ಸೋಲಿಗೆ ಅವನೇ ಕಾರಣ ಎಂದು ತೀರ್ಮಾನಿಸುವ ಮೊದಲು ಅವನು ಯಾವ ಎತ್ತರದಲ್ಲಿದ್ದಾನೆ, ಅವನಿಗೆ ಏನು ಕುಡಿಸಿದ್ದಾರೆ ಎಂದು ಕೇಳಬೇಕಾಗುತ್ತದೆ.

ನಮ್ಮ ಭಾಷೆಯಲ್ಲಿ ಎರಡು ಮಾತುಗಳಿವೆ, ಬರೆಯುವಾಗ ಬಹಳ ಜನ ಅದಲುಬದಲು ಮಾಡುತ್ತಾರೆ. ‘ನಿದಾನ’ ಅಂದರೆ ರೋಗದ ಮೂಲವನ್ನು ಗುರುತಿಸುವುದು. ‘ನಿಧಾನ’ ಅಂದರೆ ಅವಸರಪಡದಿರುವುದು. ಎರಡಕ್ಕೂ ವ್ಯಾಕರಣದ ಸಂಬಂಧವಿಲ್ಲ. ಸಂಸ್ಕೃತದಲ್ಲಂತೂ ನಿಧಾನಕ್ಕೆ ನಿಧಿ ಎಂದೇ ಅರ್ಥ. ಆದರೂ ಕನ್ನಡದ ಬಾಯಿಯಲ್ಲಿ ಇವೆರಡೂ ಹತ್ತಿರ ಬಂದು ನಿಂತಿರುವುದು ನನಗೆ ಇಷ್ಟ. ಆಯುರ್ವೇದದಲ್ಲಿ ‘ಮಾಧವನಿದಾನ’ ಎಂಬ ಗ್ರಂಥ ಪೂರ್ತಿಯಾಗಿ ರೋಗ ಗುರುತಿಸುವುದಕ್ಕೇ ಮೀಸಲಾದದ್ದು. ಅದು ರೋಗ ತಿಳಿಯುವ ಐದು ದಾರಿಗಳನ್ನು ಹೇಳುತ್ತದೆ. ಅವುಗಳಲ್ಲಿ ಒಂದರ ಹೆಸರು ‘ಉಪಶಯ’. ರೋಗ ಯಾವುದೆಂದು ತಿಳಿಯದಿದ್ದಾಗ ಒಂದು ಔಷಧವನ್ನೋ ಪಥ್ಯವನ್ನೋ ಕೊಟ್ಟು, ಅದು ಹಿತವಾಯಿತೇ ಎಂದು ನೋಡಿ, ಅದರಿಂದ ರೋಗವನ್ನು ಊಹಿಸುವುದು.

ನಮ್ಮ ಡ್ರೈವರುಗಳು ಈ ಹೆಸರು ಕೇಳದೆಯೇ ಉಪಶಯವನ್ನು ಮಾಡುತ್ತಿದ್ದರು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಘಾಟಿಯ ಮಧ್ಯೆ ಕಾರು ಮುಗ್ಗರಿಸಿದರೆ ಬಾನೆಟ್ ಎತ್ತಿ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದರು. ಹತ್ತು ನಿಮಿಷದಲ್ಲಿ ಗಾಡಿ ಸರಿಹೋದರೆ ಪೈಪಿನೊಳಗೆ ಪೆಟ್ರೋಲು ಆವಿಯಾಗಿ ದಾರಿ ಕಟ್ಟಿತ್ತು ಎಂದು ತಿಳಿಯುತ್ತಿದ್ದರು. ಸರಿಹೋಗದಿದ್ದರೆ ನಷ್ಟವೇನೂ ಇಲ್ಲ, ಬಟ್ಟೆ ಹಿಂಡಿ ಡಿಕ್ಕಿಯಲ್ಲಿಟ್ಟರಾಯಿತು. ಈ ಪರೀಕ್ಷೆಯ ಹಿರಿಮೆ ಇರುವುದು ಇಲ್ಲಿಯೇ. ಊಹೆ ತಪ್ಪಾದರೆ ಯಾರಿಗೂ ನೋವಾಗುವುದಿಲ್ಲ.

ಆದರೆ ಇದರಲ್ಲೂ ಒಂದು ಅಪಾಯವಿದೆ. ಕಾಗೆ ಕೂತದ್ದಕ್ಕೂ ತಾಳೆಯ ಹಣ್ಣು ಬಿದ್ದದ್ದಕ್ಕೂ ಸರಿಹೋಯಿತು ಎಂಬ ಕಾಕತಾಳೀಯ ನ್ಯಾಯವನ್ನು ನಾವೆಲ್ಲ ಕೇಳಿದ್ದೇವೆ. ಆ ಹತ್ತು ನಿಮಿಷದಲ್ಲಿ ಬಟ್ಟೆಯಿಲ್ಲದೆಯೂ ಇಂಜಿನ್ ತಣಿಯುತ್ತಿತ್ತಲ್ಲವೆ? ಗ್ಯಾರೇಜಿನಲ್ಲಿ ಇದು ದಿನವೂ ನಡೆಯುತ್ತದೆ. ಪ್ಲಗ್ಗು ಹೊಸದು ಹಾಕಿದರು, ಗಾಡಿ ಚೆನ್ನಾಗಿ ಎಳೆಯಿತು, ಆದ್ದರಿಂದ ಪ್ಲಗ್ಗೇ ಕೆಟ್ಟಿತ್ತು ಎಂದಾಯಿತು. ವಾರ ಕಳೆದ ಮೇಲೆ ಮತ್ತದೇ ಹಾಡು. ಒಳ್ಳೆಯ ಮೇಸ್ತ್ರಿ ಇಲ್ಲಿ ಒಂದು ಕೆಲಸ ಹೆಚ್ಚಿಗೆ ಮಾಡುತ್ತಾನೆ. ತೆಗೆದ ಹಳೆಯ ಪ್ಲಗ್ಗನ್ನು ಮತ್ತೆ ಹಾಕಿ ನೋಡುತ್ತಾನೆ. ರೋಗ ಹಿಂದಕ್ಕೆ ಬಂದರೆ ಅವನ ಊಹೆ ನಿಂತಿತು, ಬರದಿದ್ದರೆ ಬಿತ್ತು. ನಮ್ಮ ತರ್ಕಶಾಸ್ತ್ರದವರು ಅನ್ವಯ, ವ್ಯತಿರೇಕ ಎಂದದ್ದು ಇದನ್ನೇ: ಅದಿದ್ದರೆ ಇದು ಇರಬೇಕು, ಅದಿಲ್ಲದಿದ್ದರೆ ಇದು ಇರಬಾರದು. ಮೊದಲರ್ಧ ಎಲ್ಲರೂ ನೋಡುತ್ತಾರೆ. ಎರಡನೆಯದನ್ನು ನೋಡುವುದಕ್ಕೆ ತನ್ನ ಮಾತು ಸುಳ್ಳಾಗಲಿ ಎಂದು ಅವಕಾಶ ಕೊಡುವ ಮನಸ್ಸು ಬೇಕು.

ಇದನ್ನು ಹೇಳಿ ಮೆಕ್ಯಾನಿಕ್ಕುಗಳ ಮೇಲೆ ಗೂಬೆ ಕೂರಿಸುವುದು ಸರಿಯಲ್ಲ. ಎರಡು ಗಂಟೆ ಕಿವಿಗೊಟ್ಟು ಕೇಳಿ, ಮುಟ್ಟಿ ನೋಡಿ, ಕೊನೆಗೆ ಒಂದು ತಿರುಪು ಕಾಲು ಸುತ್ತು ತಿರುಗಿಸಿ ಸರಿಮಾಡಿದವನಿಗೆ ನಾವು ದುಡ್ಡು ಕೊಡುವಾಗ ಹಿಂದೆಮುಂದೆ ನೋಡುತ್ತೇವೆ. “ಏನು ಹಾಕಿದಿರಿ?” ಎಂದು ಕೇಳುತ್ತೇವೆ. ಅವನು ಏನೂ ಹಾಕಿಲ್ಲ, ಯೋಚಿಸಿದ್ದಾನೆ. ಸಾಮಾನಿಗೆ ಬೆಲೆ ಕಟ್ಟಬಲ್ಲ ನಮಗೆ ಯೋಚನೆಗೆ ಬೆಲೆ ಕಟ್ಟಲು ಬರುವುದಿಲ್ಲ. ಹಾಗಿರುವಾಗ ಅವನೂ ಸಾಮಾನು ಬದಲಾಯಿಸುವುದನ್ನೇ ಕಲಿತರೆ ಅದರಲ್ಲಿ ನಮ್ಮ ಪಾಲೂ ಇದೆ.

ಇಷ್ಟೇ ಆಗಿದ್ದರೆ ಇದು ಹಣದ ಲೆಕ್ಕದ ಮಾತಾಗುತ್ತಿತ್ತು. ತಪ್ಪು ನಿದಾನದಿಂದ ಕಾರಿಗೆ ಅವಮಾನವಾಗುವುದಿಲ್ಲ. ಆದರೆ ಕಾರಿನ ಸುತ್ತ ಮನುಷ್ಯರಿರುತ್ತಾರೆ.

ನನಗೆ ಪರಿಚಯದ ವಕೀಲರೊಬ್ಬರ ಬಳಿ ಪದ್ಮಿನಿ ಇತ್ತು. ತೊಂಬತ್ತರ ದಶಕದ ಮಾತು. ಹನ್ನೊಂದು ವರ್ಷದಿಂದ ಒಬ್ಬನೇ ಡ್ರೈವರ್. ಒಂದು ಬೇಸಿಗೆಯಲ್ಲಿ ಕಾರು ಪೆಟ್ರೋಲು ಹೆಚ್ಚು ಕುಡಿಯತೊಡಗಿತು. ಲೀಟರಿಗೆ ಹನ್ನೆರಡು ಕಿಲೋಮೀಟರ್ ಕೊಡುತ್ತಿದ್ದದ್ದು ಎಂಟಕ್ಕೆ ಇಳಿಯಿತು. “ಸಾರ್, ಗಾಡಿ ಎಳೀತಿಲ್ಲ. ಚಾರ್ಮಾಡಿ ಹತ್ತುವಾಗ ಎರಡನೇ ಗೇರಲ್ಲೂ ಒದ್ದಾಡ್ತದೆ” ಎಂದು ಡ್ರೈವರ್ ಎರಡು ಸಲ ಹೇಳಿದ. ಅದೇ ತಿಂಗಳು ಅವನು ತನ್ನ ಮನೆಯ ಹುಲ್ಲು ತೆಗೆಸಿ ಮಂಗಳೂರು ಹೆಂಚು ಹೊದಿಸಿದ್ದ. ವಕೀಲರ ಸ್ನೇಹಿತರು ಎರಡನ್ನೂ ಕೂಡಿಸಿ ಲೆಕ್ಕ ಒಪ್ಪಿಸಿದರು. ಅದಾದ ಮೇಲೆ ಅವನು, “ಆಯಿಲ್ ಕಡ್ಡಿ ನೋಡಿದೆ ಸಾರ್, ಲೆವೆಲ್ ಮೇಲೆ ಬಂದಿದೆ” ಎಂದಾಗ ವಕೀಲರಿಗೆ ಸಿಟ್ಟೇ ಬಂತು. ಇಂಜಿನ್ನಿನಲ್ಲಿ ಆಯಿಲ್ ಕಡಿಮೆಯಾಗುವುದುಂಟು, ಹೆಚ್ಚಾಗುವುದುಂಟೇ? ಸುಳ್ಳು ಹೇಳುವುದಕ್ಕೂ ಒಂದು ಮಿತಿ ಇರಬೇಕು ಎಂದು ಅವನ ಲೆಕ್ಕ ತೀರಿಸಿ ಕಳಿಸಿದರು.

ಹೊಸ ಡ್ರೈವರ್ ಬಂದ. ಪೆಟ್ರೋಲು ಎಂದಿನಂತೆ ಖರ್ಚಾಗುತ್ತಲೇ ಇತ್ತು. ಕಾರಣವೆಂದು ಹೇಳಿದ್ದು ಹೋಯಿತು, ಕಾರ್ಯ ಉಳಿಯಿತು. ವ್ಯತಿರೇಕದ ಪರೀಕ್ಷೆ ಕಣ್ಣೆದುರೇ ನಡೆದಿತ್ತು, ಆದರೆ ಅದನ್ನು ಪರೀಕ್ಷೆಯೆಂದು ನೋಡುವವರು ಇರಲಿಲ್ಲ. ಒಂದೂವರೆ ತಿಂಗಳ ಮೇಲೆ ಇಂಜಿನ್ನಿನಲ್ಲಿ ಸದ್ದು ಶುರುವಾಗಿ ಗ್ಯಾರೇಜಿಗೆ ಹೋದಾಗ ಮೇಸ್ತ್ರಿ ಮೊದಲು ಮಾಡಿದ್ದು ಆಯಿಲ್ ಕಡ್ಡಿ ಎಳೆದು ಮೂಗಿಗೆ ಹಿಡಿದದ್ದು. “ಇದು ಆಯಿಲ್ಲಲ್ಲ ಸಾರ್, ಅರ್ಧ ಪೆಟ್ರೋಲು” ಎಂದ. ಪೆಟ್ರೋಲ್ ಪಂಪಿನೊಳಗೆ ಅಂಗೈಗಿಂತ ಚಿಕ್ಕದಾದ ಒಂದು ಡಯಾಫ್ರಾಮ್ ಇರುತ್ತದೆ. ಅದು ಹರಿದಿತ್ತು. ಹರಿದದ್ದರಿಂದ ಕಾರ್ಬೊರೇಟರಿಗೆ ಸಾಕಷ್ಟು ಪೆಟ್ರೋಲು ಹೋಗುತ್ತಿರಲಿಲ್ಲ, ಗಾಡಿ ಎಳೆಯುತ್ತಿರಲಿಲ್ಲ. ಸೋರಿದ್ದೆಲ್ಲ ಕೆಳಗಿನ ಆಯಿಲ್ಲಿಗೆ ಸೇರುತ್ತಿತ್ತು, ಲೆವೆಲ್ ಏರುತ್ತಿತ್ತು. ಡ್ರೈವರ್ ಹೇಳಿದ ಮೂರು ಮಾತೂ ನಿಜವಾಗಿತ್ತು. ತೆಳುವಾದ ಆಯಿಲ್ಲಿನಲ್ಲಿ ಓಡಿ ಬೇರಿಂಗುಗಳು ಸವೆದದ್ದು ಬೇರೆ.

ಇದನ್ನು ವಕೀಲರು ಮುಚ್ಚಿಡಲಿಲ್ಲ. ನನಗೆ ಹೇಳಿದ್ದೂ ಅವರೇ. ಡ್ರೈವರನ ಮನೆಗೆ ತಾವೇ ಹೋಗಿ ಕರೆದರು. ಅವನು ಕಾಫಿ ಕೊಟ್ಟು, ಮಕ್ಕಳನ್ನು ಕರೆದು ತೋರಿಸಿ, ತಾನು ಲಾರಿಗೆ ಸೇರಿದ್ದೇನೆಂದು ಹೇಳಿದನಂತೆ. ವಾಪಸು ಬರಲಿಲ್ಲ. ಊರಿನಲ್ಲಿ ಅವನು ಪೆಟ್ರೋಲು ಕದ್ದನೆಂಬ ಸುದ್ದಿ ಮುಟ್ಟಿದ ಮನೆಗಳಿಗೆಲ್ಲ ಡಯಾಫ್ರಾಮ್ ಹರಿದಿತ್ತೆಂಬ ಸುದ್ದಿ ಮುಟ್ಟಲಿಲ್ಲ. ಮುಟ್ಟಿದ ಕಡೆಯೂ, “ಅದೂ ಇರಬಹುದು, ಇದೂ ಇರಬಹುದು” ಎಂದವರಿದ್ದರು.

ಹಾಗಾದರೆ ಖಚಿತವಾಗುವ ತನಕ ಸುಮ್ಮನೆ ಕೂರಬೇಕೇ ಎಂದು ನೀವು ಕೇಳಬಹುದು. ಸಾಧ್ಯವಿಲ್ಲ. ವೈದ್ಯ ಕಾಯುತ್ತ ಕೂತರೆ ರೋಗಿ ಹೋಗುತ್ತಾನೆ. ಮನೆ ನಡೆಸುವವರೂ ಸಂಸ್ಥೆ ನಡೆಸುವವರೂ ಅರ್ಧ ತಿಳಿವಳಿಕೆಯಲ್ಲೇ ದಿನಕ್ಕೆ ಹತ್ತು ತೀರ್ಮಾನ ಮಾಡಬೇಕು. ಸಂಶಯಪಡುವುದೇ ತಪ್ಪು ಎಂದೂ ನಾನು ಹೇಳಲಾರೆ. ಪೆಟ್ರೋಲು ಕದಿಯುವ ಡ್ರೈವರುಗಳೂ ಇದ್ದಾರೆ. ಅದನ್ನೂ ಒಂದು ಸಾಧ್ಯತೆಯೆಂದು ಪಟ್ಟಿಯಲ್ಲಿ ಬರೆದುಕೊಳ್ಳುವುದರಲ್ಲಿ ಅನ್ಯಾಯವಿಲ್ಲ. ಅನ್ಯಾಯವಿರುವುದು ಪಟ್ಟಿಯ ಅನುಕ್ರಮದಲ್ಲಿ. ಯಾವ ಮೇಸ್ತ್ರಿಯೂ ಏರ್ ಫಿಲ್ಟರ್ ನೋಡದೆ ಇಂಜಿನ್ ಹೆಡ್ ಬಿಚ್ಚುವುದಿಲ್ಲ. ಸುಲಭವಾದದ್ದು, ಖರ್ಚಿಲ್ಲದ್ದು, ಮಾಡಿದರೂ ಹಿಂದಕ್ಕೆ ತರಬಹುದಾದದ್ದು ಮೊದಲು. ಬಿಚ್ಚಿದರೆ ಮೊದಲಿನಂತಾಗದೆ ಇರುವಂಥದ್ದು ಕೊನೆಗೆ. ಹಳೆಯ ಪ್ಲಗ್ಗನ್ನು ತಿರುಗಿ ಹಾಕಬಹುದು, ಕಳ್ಳನೆಂದು ಕರೆದ ಮನುಷ್ಯನನ್ನು ತಿರುಗಿ ಮೊದಲಿನ ಜಾಗದಲ್ಲಿ ಕೂರಿಸಲು ಬರುವುದಿಲ್ಲ. ಆದ್ದರಿಂದ ಮನುಷ್ಯನ ನಡತೆ ಪಟ್ಟಿಯ ಕೊನೆಯಲ್ಲಿರಬೇಕು. ನಾವು ಅದನ್ನೇ ಮೊದಲಲ್ಲಿಡುತ್ತೇವೆ, ಯಾಕೆಂದರೆ ಅದನ್ನು ಪರೀಕ್ಷಿಸಲು ಬಾನೆಟ್ ಎತ್ತಬೇಕಾಗಿಲ್ಲ, ಕೈ ಕೊಳೆಯಾಗುವುದಿಲ್ಲ.

ಇನ್ನೊಂದು ಮಾತು. ವಾಹನದ ಹತ್ತಿರ ದಿನವೆಲ್ಲ ಇರುವವನು ಹೇಳಿದ್ದು ನಂಬಲಾಗದಂತಿದ್ದರೆ ಅದೇ ಒಂದು ಒಳ್ಳೆಯ ಸುಳಿವಾಗಿರಬಹುದು. ಸುಳ್ಳು ಹೇಳುವವನು ನಂಬುವಂಥದ್ದನ್ನೇ ಹೇಳುತ್ತಾನೆ. ಆಯಿಲ್ ಏರಿದೆ ಎಂಬ ಮಾತನ್ನು ಯಾರೂ ಹುಟ್ಟಿಸಿಕೊಂಡು ಹೇಳುವುದಿಲ್ಲ.

ಇಂದಿನ ಕಾರುಗಳಲ್ಲಿ ಗ್ಯಾರೇಜಿನವರು ಒಂದು ಯಂತ್ರ ಚುಚ್ಚಿ ಸಂಖ್ಯೆ ಓದುತ್ತಾರೆ. ಬಹಳ ಉಪಕಾರವಾಗಿದೆ. ಆದರೆ ಆ ಸಂಖ್ಯೆ ಯಾವ ಸೆನ್ಸರ್ ದೂರುತ್ತಿದೆ ಎಂದು ತಿಳಿಸುತ್ತದೆಯೇ ಹೊರತು ದೂರಿಗೆ ಕಾರಣ ಏನೆಂದಲ್ಲ. ದೂರು ಕೊಟ್ಟ ಸೆನ್ಸರನ್ನೇ ಬದಲಾಯಿಸಿ ಕಳಿಸಿ, ತೂತು ಬಿದ್ದ ಗಾಳಿಯ ಕೊಳವೆಯನ್ನು ಹಾಗೆಯೇ ಬಿಡುವುದೂ ಉಂಟು. ಯಂತ್ರ ಹೊಸದಾದರೂ ಅವಸರ ಹಳೆಯದೇ.

ಎಲ್ಲ ನೋಡಿಯಾದ ಮೇಲೆ ಮೇಸ್ತ್ರಿ ಕಂಪ್ರೆಷನ್ ಅಳೆಯುತ್ತಾನೆ. ಪ್ಲಗ್ಗು ತೆಗೆದು, ಆ ರಂಧ್ರಕ್ಕೆ ಗೇಜ್ ಒತ್ತಿ ಹಿಡಿದು, ಸೆಲ್ಫ್ ತಿರುಗಿಸಿ, ನಾಲ್ಕು ಸಿಲಿಂಡರುಗಳ ಒತ್ತಡವನ್ನೂ ಬರೆದುಕೊಳ್ಳುತ್ತಾನೆ. ಆಮೇಲೆ ಪ್ರತಿಯೊಂದಕ್ಕೂ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯುತ್ತಾನೆ. ಆಯಿಲ್ಲಿನಿಂದ ಒತ್ತಡ ಏರಿದರೆ ಸವೆದದ್ದು ರಿಂಗು. ಏರದಿದ್ದರೆ ವಾಲ್ವೋ ಗ್ಯಾಸ್ಕೆಟ್ಟೋ. ಒಂದು ಸಿಲಿಂಡರ್ ಮಾತ್ರ ಇಳಿದಿದ್ದರೆ ಅಲ್ಲಿ ರೋಗವಿದೆ, ಹುಡುಕಬೇಕು. ನಾಲ್ಕೂ ಸಮನಾಗಿ ಇಳಿದು, ಆಯಿಲ್ ಬಿಟ್ಟಾಗ ನಾಲ್ಕೂ ಸಮನಾಗಿ ಏರಿದರೆ ಮೇಸ್ತ್ರಿ ಕೈ ಒರೆಸಿಕೊಂಡು, “ಏನೂ ಕೆಟ್ಟಿಲ್ಲ ಸಾರ್, ಓಡಿದೆ” ಎನ್ನುತ್ತಾನೆ. ಅಲ್ಲಿ ಯಾರ ತಪ್ಪೂ ಇರುವುದಿಲ್ಲ. ಬೋರ್ ಮಾಡಿಸಬಹುದು, ಇಲ್ಲವೇ ಹೊರೆ ಕಡಿಮೆ ಮಾಡಿ ಏರಿನಲ್ಲಿ ಎರಡನೆಯ ಗೇರಿಗೆ ಇಳಿಸಿ ಮೆಲ್ಲಗೆ ಹತ್ತಬಹುದು. ಅಷ್ಟು ದುಡಿದದ್ದಕ್ಕೆ ಅಷ್ಟು ನಿಧಾನವನ್ನು ನಾವು ಕೊಡಬೇಕಾಗುತ್ತದೆ.