ಎತ್ತಿ ಎಲ್ಲಿಗಿ ಒಯ್ತಾನ?

ಅಬ್ಬೆತುಮಕೂರಿನ ವಿಶ್ವಾರಾಧ್ಯರ ಜಾತ್ರೆಯಲ್ಲಿ, ಬೆಂಡು-ಬತ್ತಾಸಿನ ಅಂಗಡಿಗೂ ಬಳೆಯಂಗಡಿಗೂ ನಡುವೆ ಹಾಸಿದ್ದ ತಾಡಪತ್ರಿಯ ಮೇಲೆ, ಪಂಚಾಂಗ, ವಚನ, ಅಡುಗೆಯ ಹೊತ್ತಗೆಗಳ ಪಕ್ಕದಲ್ಲಿ ಮೈಕಟ್ಟು ಬೆಳೆಸುವುದನ್ನು ಹೇಳಿಕೊಡುವ ಪುಸ್ತಕವೊಂದಿತ್ತು. ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ, ಯಾದಗಿರಿಯ ಅಡತಿ ಅಂಗಡಿಯಲ್ಲಿ ಹಮಾಲಿ ಮಾಡುವ ಹಿರಿಯರೊಬ್ಬರು ಮುಖಪುಟವನ್ನು ಬಹಳ ಹೊತ್ತು ನೋಡಿ ಕೇಳಿದರು: “ಇಂವ ಇಷ್ಟು ಕಬ್ಬಿಣ ಎತ್ತಿ ಎಲ್ಲಿಗಿ ಒಯ್ತಾನ್ರೀ?”

“ಎಲ್ಲಿಗೂ ಇಲ್ಲ, ಅಲ್ಲೇ ಇಡ್ತಾನ” ಎಂದೆ.

“ಹಂಗಾದ್ರ ಯಾಕ ಎತ್ತಬೇಕು?”

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ.

ನನಗೆ ಇಂಥ ಪುಸ್ತಕಗಳ ಮೇಲೆ ತಾತ್ಸಾರವಿಲ್ಲ. ಹಾಸಿಗೆಯಲ್ಲಿ ಒರಗಿಕೊಂಡೇ ಎಷ್ಟೋ ಬೆಟ್ಟ ಹತ್ತಿದವನು ನಾನು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದ ಕೆ.ವಿ. ಅಯ್ಯರ್ 1930ರಲ್ಲಿ ‘ಮಸಲ್ ಕಲ್ಟ್’, 1936ರಲ್ಲಿ ‘ಪರ್ಫೆಕ್ಟ್ ಫಿಸೀಕ್’ ಎಂಬ ಇಂಗ್ಲಿಷ್ ಪುಸ್ತಕಗಳನ್ನು ಹೊರತಂದರು, ದೂರದೂರಿನವರಿಗೆ ಅಂಚೆಯಲ್ಲೇ ಸಾಮು ಕಲಿಸಿದರು. ಸ್ವಂತ ಮೈಯನ್ನು ಶಿಲ್ಪದಂತೆ ಕಡೆದುಕೊಂಡ ಇದೇ ಮನುಷ್ಯ ಮುಂದೆ ಕನ್ನಡದಲ್ಲಿ ‘ರೂಪದರ್ಶಿ’ ಬರೆದರು. ಬಾಲಯೇಸುವಿನ ಚಿತ್ರಕ್ಕೆ ಮಾದರಿಯಾಗಿ ಕೂತ ಮಗುವಿನ ಮುಖವೇ ಬದುಕಿನ ಏಟು ತಿಂದು ತಿಂದು, ವರ್ಷಗಳ ಮೇಲೆ ಜೂದಾಸನ ಚಿತ್ರಕ್ಕೆ ಮಾದರಿಯಾಗುವ ಕಥೆ ಅದು. ಮೈಯನ್ನು ನಾವು ತಿದ್ದಬಹುದು ಎಂದು ಪಾಠ ಹೇಳಿದವರಿಗೇ, ಮೈಯನ್ನು ಬದುಕೂ ತಿದ್ದುತ್ತದೆ, ನಮ್ಮನ್ನು ಕೇಳದೆಯೇ ತಿದ್ದುತ್ತದೆ ಎಂಬುದು ಗೊತ್ತಿತ್ತಲ್ಲವೆ?

ಹಮಾಲರ ಹೆಗಲ ಮೇಲಿನ ಗಂಟು ಹಾಗೆ ತಿದ್ದಿದ್ದೇ. ಹತ್ತಿಯ ಅಂಡಿಗೆ, ತೊಗರಿಯ ಚೀಲ ಹೊತ್ತು ಹೊತ್ತು ಬಂದ ಆ ಗಂಟನ್ನು ಯಾವ ಮುಖಪುಟವೂ ಬಯಸುವುದಿಲ್ಲ. ಆದರೂ ಭಾರ ಭಾರವೇ, ಬೆವರು ಬೆವರೇ. ಹಾಗಿದ್ದರೆ ವ್ಯತ್ಯಾಸ ಎಲ್ಲಿದೆ? ಯೋಚಿಸುತ್ತ ಹೋದಂತೆ ನನಗೆ ಅನಿಸಿದ್ದು, ವ್ಯತ್ಯಾಸ ಎತ್ತುವುದರಲ್ಲಿಲ್ಲ, ಇಳಿಸುವುದರಲ್ಲಿದೆ ಎಂದು. ಪುಸ್ತಕ ಓದಿ ಎತ್ತುವವನು ಸಾಕೆನಿಸಿದ ಕ್ಷಣ ಇಳಿಸುತ್ತಾನೆ. ದಣಿವಾರಿಸಿಕೊಳ್ಳುವುದೂ ಅವನಿಗೆ ಪಾಠದ ಒಂದು ಭಾಗ. ಚೀಲ ಹೊತ್ತವನಿಗೆ ಲಾರಿಯ ತನಕ ಇಳಿಸುವಂತಿಲ್ಲ.

ಸಾಹಸದ ಪುಸ್ತಕಗಳನ್ನೂ ಹೀಗೆಯೇ ನೋಡಬಹುದೇನೊ. 1841ರಲ್ಲಿ ಸುರಪುರಕ್ಕೆ ಬಂದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಅಲ್ಲಿನ ಗುಡ್ಡದ ಮೇಲೆ ಕಟ್ಟಿಸಿದ ಬಂಗಲೆ ಇಂದಿಗೂ ಟೇಲರ್ ಮಂಜಿಲ್. ಅವನು ತೀರಿಕೊಂಡ ಮರುವರ್ಷ, 1877ರಲ್ಲಿ, ಬೆಳಕಿಗೆ ಬಂದ ಆತ್ಮಕಥೆಯಲ್ಲಿ ನಮ್ಮ ಸೀಮೆಯ ಬಂಡೆ, ಬೇಟೆ, ಸವಾರಿಗಳೆಲ್ಲ ಇವೆ. ಬೇಡರ ನಾಡನ್ನು ಪ್ರೀತಿಯಿಂದಲೇ ಕಂಡವನು ಅವನು, ಅದನ್ನು ಒಪ್ಪಬೇಕು. ಆದರೆ ಅವನ ಡೇರೆ ಹೊತ್ತು ನಡೆದವರು ಪುಸ್ತಕ ಬರೆಯಲಿಲ್ಲ. ಅದೇ ದಾರಿ, ಅದೇ ಬಿಸಿಲು ಒಬ್ಬನಿಗೆ ಅನುಭವವಾಗಿ, ಇನ್ನೊಬ್ಬನಿಗೆ ಕೂಲಿಯಾಗಿ ಉಳಿಯುವುದು ಏಕೆ? ಇಂದಿಗೂ ಹೊಲದ ಕೆಲಸ ತೀರುತ್ತಲೇ ಗಂಟುಮೂಟೆ ಕಟ್ಟಿ ಬೆಂಗಳೂರಿಗೋ ಮುಂಬೈಗೋ ಗುಳೆ ಹೋಗುವ ನಮ್ಮವರು ಅಲ್ಲಿ ಇಟ್ಟಿಗೆ ಹೊತ್ತು ಮಹಡಿಯ ಮೇಲೆ ಮಹಡಿ ಏರಿಸುತ್ತಾರೆ. ಕಟ್ಟಡ ಮುಗಿದ ಮೇಲೆ ಅಲ್ಲೊಂದು ಜಿಮ್ ತೆರೆಯುತ್ತದೆ, ಒಳಗೆ ಬಂದವರು ನಿಂತಲ್ಲೇ ಮೆಟ್ಟಿಲು ಹತ್ತುತ್ತಾರೆ.

ಅವರನ್ನು ಹಂಗಿಸಲು ಈ ಮಾತು ಬರೆಯುತ್ತಿಲ್ಲ. ಕೂತು ಕೂತು ಜಡ್ಡುಗಟ್ಟಿದ ದೇಹ ಬೆವರು ಕೇಳುವುದು ಸಹಜ. ದುಡಿದು ಸವೆದ ದೇಹ ಏನು ಕೇಳುತ್ತದೆ, ಅದಕ್ಕೊಂದು ಪುಸ್ತಕ ಯಾರು ಬರೆದಾರು ಎಂಬುದಷ್ಟೇ ನನ್ನ ಪ್ರಶ್ನೆ.

ಹಿರಿಯರು ಬೆಲೆ ಕೇಳಿದರು. ಚೌಕಾಸಿ ಮಾಡಿ ಇಪ್ಪತ್ತು ರೂಪಾಯಿ ಇಳಿಸಿ ಕೊಂಡರು. ನನ್ನ ಅಚ್ಚರಿ ಅವರ ಕಣ್ಣಿಗೆ ಬಿದ್ದಿರಬೇಕು.

“ನನಗಲ್ರೀ. ಹುಡುಗ ಪೊಲೀಸ್ ಭರ್ತಿಗಿ ಓಡ್ಲಿಕತ್ತಾನ. ಸಾವಿರದಾ ಆರುನೂರು ಮೀಟರ್ ಅಂತ. ಇದರಾಗ ಓಡೂದು ಬರದದ ಏನು, ಸ್ವಲ್ಪ ನೋಡಿ ಹೇಳ್ರಿ.”

ಪುಟ ತಿರುವಿ ನೋಡಿದೆ. ಕೊನೆಯ ಅಧ್ಯಾಯದಲ್ಲಿ ಇತ್ತು.