ನಿಯಮದ ಭಾರ, ಮನಸ್ಸಿನ ಬಿಡುಗಡೆ

ನಿಯಮವನ್ನು ಕೈಕೊಳ್ಳುವವನು ಶಾಂತಿಯನ್ನು ಬಯಸಿಯೇ ಕೈಕೊಳ್ಳುತ್ತಾನೆ. ಆದರೆ ಎಷ್ಟೋ ವೇಳೆ ಆ ನಿಯಮವೇ ಅವನ ಶಾಂತಿಯನ್ನು ಕದಡುವುದುಂಟು. ಒಂದು ದಿನ ಜಪ ತಪ್ಪಿತು, ಕಾಯಿಲೆಯಲ್ಲಿ ಉಪವಾಸ ಮುರಿಯಿತು. ಅಷ್ಟಕ್ಕೇ ಮನಸ್ಸು ತನ್ನನ್ನು ತಾನೇ ಅಪರಾಧಿಯ ಕಟಕಟೆಯಲ್ಲಿ ನಿಲ್ಲಿಸಿಕೊಳ್ಳುತ್ತದೆ. ಯಾರೂ ಹೇರದ, ತಾನಾಗಿ ಹೊತ್ತ ಭಾರವು ಹೀಗೇಕೆ ಪೀಡಿಸಬೇಕು? ಕ್ರೈಸ್ತ ಧರ್ಮದ ಚರಿತ್ರೆಯಲ್ಲಿ ಈ ಪ್ರಶ್ನೆಯನ್ನು ತನ್ನ ಬಾಳನ್ನೇ ಪಣವಾಗಿಟ್ಟು ಕೇಳಿದವನು ಜರ್ಮನಿಯ ಮಾರ್ಟಿನ್ ಲೂಥರ್. ವ್ರತೋಪವಾಸಗಳಲ್ಲಿ ಶ್ರದ್ಧೆಯುಳ್ಳ ವಾಚಕರಿಗೆ ಅವನ ಅನುಭವವು ವಿಚಾರಯೋಗ್ಯವಾದುದು.

1505ರ ಜುಲೈ ತಿಂಗಳಲ್ಲಿ, ನ್ಯಾಯಶಾಸ್ತ್ರದ ವಿದ್ಯಾರ್ಥಿಯಾಗಿದ್ದ ಲೂಥರನು ದಾರಿಯಲ್ಲಿ ಸಿಡಿಲಿಗೆ ಬೆದರಿ, ಬದುಕಿದರೆ ಸನ್ಯಾಸಿಯಾಗುವೆನೆಂದು ಸಂತ ಅನ್ನಳಿಗೆ ಹರಕೆ ಹೊತ್ತನು. ಅದೇ ತಿಂಗಳು ಎರ್ಫರ್ಟ್ ನಗರದ ಅಗಸ್ಟೀನಿಯನ್ ಮಠವನ್ನು ಸೇರಿದನು. ಅಲ್ಲಿ ಅವನು ಮಠದ ಕಟ್ಟಳೆಗೂ ಮೀರಿ ಉಪವಾಸ ಮಾಡಿದನು, ಜಾಗರಣೆ ಮಾಡಿದನು, ಚಳಿಯಲ್ಲಿ ದೇಹವನ್ನು ದಂಡಿಸಿದನು. ಗಂಟೆಗಟ್ಟಲೆ ಪಾಪನಿವೇದನೆ ಮಾಡಿ ಹಿಂದಿರುಗುವಷ್ಟರಲ್ಲಿ ಮತ್ತೊಂದು ಪಾಪ ನೆನಪಾಗುತ್ತಿತ್ತು. ಗುರುಸ್ಥಾನದಲ್ಲಿದ್ದ ಸ್ಟೌಪಿಟ್ಸ್, ನಿನ್ನನ್ನು ನೋಡಿಕೊಳ್ಳುವುದನ್ನು ಬಿಟ್ಟು ಕ್ರಿಸ್ತನನ್ನು ನೋಡೆಂದು ತಿಳಿಹೇಳಬೇಕಾಯಿತು.

ಲೂಥರನ ಸಂಕಟವು ಆಲಸ್ಯದಿಂದ ಹುಟ್ಟಿದ್ದಲ್ಲ, ಅತಿಶ್ರದ್ಧೆಯಿಂದ ಹುಟ್ಟಿದ್ದು. ಇಷ್ಟು ಸಾಕೆಂಬ ಗೆರೆ ಅವನಿಗೆ ಎಲ್ಲಿಯೂ ಕಾಣಲಿಲ್ಲ. ಸ್ವಯಂಕೃತ ನಿಯಮಗಳ ಅಪಾಯ ಇಲ್ಲಿಯೇ ಇದೆ. ನಿಯಮ ನಡೆದರೆ ಅಹಂಕಾರ, ತಪ್ಪಿದರೆ ಆತ್ಮಗ್ಲಾನಿ. ಮೇಲುನೋಟಕ್ಕೆ ಇವೆರಡೂ ಪರಸ್ಪರ ವಿರುದ್ಧ. ಆದರೆ ಎರಡೂ ಹಿಡಿದಿರುವ ಕನ್ನಡಿ ಒಂದೇ, ಅದರಲ್ಲಿ ಕಾಣುವ ಮುಖವೂ ‘ನಾನು’ ಎಂಬ ಒಂದೇ ಮುಖ.

ಸಂತ ಪೌಲನ ಪತ್ರಗಳ ಅಧ್ಯಯನದಿಂದ ಲೂಥರನಿಗೆ ಬೆಳಕು ದೊರೆಯಿತು. ದೇವರ ಕೃಪೆಯು ದುಡಿಮೆಗೆ ಸಲ್ಲುವ ಕೂಲಿಯಲ್ಲ, ವಿಶ್ವಾಸದಿಂದ ಸ್ವೀಕರಿಸಬೇಕಾದ ದಾನವೆಂದು ಅವನು ಕಂಡುಕೊಂಡನು. 1520ರಲ್ಲಿ ಕ್ರೈಸ್ತನ ಸ್ವಾತಂತ್ರ್ಯವನ್ನು ಕುರಿತು ಅವನು ಬರೆದ ಕಿರುಗ್ರಂಥದ ಸಾರ ಇಷ್ಟು: ವಿಶ್ವಾಸಿಯು ಒಳಗೆ ಯಾರಿಗೂ ಅಧೀನನಲ್ಲ, ಆದರೆ ಪ್ರೀತಿಯಿಂದಾಗಿ ಎಲ್ಲರಿಗೂ ಸೇವಕ. ಇಲ್ಲಿ ಅವನು ಉಪವಾಸವನ್ನು ತಳ್ಳಿಹಾಕಲಿಲ್ಲವೆಂಬುದು ಗಮನಾರ್ಹ. ದೇಹವನ್ನು ಹತೋಟಿಯಲ್ಲಿಡಲು ಬೇಕಾದಷ್ಟು ಉಪವಾಸ ಇರಲಿ, ಅದರಿಂದ ಪುಣ್ಯವನ್ನು ಕೊಳ್ಳುವೆನೆಂಬ ಭ್ರಮೆ ಬೇಡವೆಂದನು. ಕೂಲಿಯವನು ಸೂರ್ಯನನ್ನು ನೋಡುತ್ತ ಹೊಲದಲ್ಲಿ ದುಡಿಯುತ್ತಾನೆ. ಮನೆಯ ಮಗನು ಪೈರನ್ನು ನೋಡುತ್ತ ದುಡಿಯುತ್ತಾನೆ. ಕೆಲಸ ಒಂದೇ ಆದರೂ ಆನಂದವಿರುವುದು ಎರಡನೆಯವನಲ್ಲಿ.

ಹಾಗಾದರೆ ಈ ಸ್ವಾತಂತ್ರ್ಯವು ಸ್ವೇಚ್ಛಾಚಾರಕ್ಕೆ ದಾರಿಯಾಗದೆ? ಈ ಶಂಕೆ ಅಂದೂ ಎದ್ದಿತು. 1522ರಲ್ಲಿ, ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ, ಜೂರಿಚ್ ನಗರದ ಮುದ್ರಕ ಫ್ರೋಶೌವರನ ಮನೆಯಲ್ಲಿ ಕೆಲವರು ನಿಷಿದ್ಧವಾಗಿದ್ದ ಮಾಂಸವನ್ನು ತಿಂದರು. ಅಲ್ಲಿದ್ದ ಧರ್ಮಬೋಧಕ ಜ್ವಿಂಗ್ಲಿಯು ತಾನು ತಿನ್ನಲಿಲ್ಲ. ಆದರೆ ತಿಂದವರ ಸ್ವಾತಂತ್ರ್ಯವನ್ನು ಬಳಿಕ ಉಪದೇಶದಲ್ಲಿ ಸಮರ್ಥಿಸಿದನು. ಅದೇ ಮಾರ್ಚ್ ತಿಂಗಳಲ್ಲಿ ವಿಟೆನ್‌ಬರ್ಗಿನಲ್ಲಿ ಲೂಥರನು ಎಂಟು ದಿನ ಉಪದೇಶ ಮಾಡಿ, ಸ್ವಾತಂತ್ರ್ಯವನ್ನೇ ಹೊಸ ಕಟ್ಟಳೆಯಾಗಿ ಹೇರುತ್ತಿದ್ದವರನ್ನು ತಡೆದನು. ದುರ್ಬಲನ ಮನಸ್ಸನ್ನು ನೋಯಿಸಿ ತನ್ನ ಬಿಡುಗಡೆಯನ್ನು ಮೆರೆಸುವವನು ಪ್ರೀತಿಯನ್ನು ಮರೆತವನೆಂಬುದು ಅವನ ಮಾತಿನ ತಾತ್ಪರ್ಯ.

ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ನಮಗೆ ಮಾಂಸದ ಪ್ರಶ್ನೆ ಕೇವಲ ಕಟ್ಟಳೆಯದಲ್ಲ, ಜೀವದಯೆಯದು. ಕೃಪೆಯ ಸಿದ್ಧಾಂತವೂ ನಮ್ಮದಲ್ಲ. ಕರ್ಮಕ್ಷಯವು ಸ್ವಪುರುಷಾರ್ಥದಿಂದಲೇ ಆಗಬೇಕು. ಈ ಭೇದಗಳನ್ನು ಮರೆಮಾಚಬೇಕಾದುದಿಲ್ಲ. ಆದರೂ ವ್ರತಿಯಾದವನು ಶಲ್ಯರಹಿತನಾಗಿರಬೇಕೆಂದು ನಮ್ಮ ಆಚಾರ್ಯರೂ ವಿಧಿಸಿದ್ದಾರೆ. ಫಲದ ಹಂಬಲವು ಮುಳ್ಳಾಗಿ ಒಳಗೆ ನಟ್ಟಿರುವಾಗ ಹೊರಗಿನ ಉಪವಾಸವು ಹಸಿವಿನ ಲೆಕ್ಕವಷ್ಟೇ ಆದೀತು.

ಆದುದರಿಂದ, ನಿಯಮ ತಪ್ಪಿದ ದಿನ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ, ‘ನಾನು ಎಷ್ಟು ಕೆಳಗೆ ಬಿದ್ದೆ?’ ಎಂಬುದಲ್ಲ, ‘ನನ್ನ ಕ್ಷಮೆ, ನನ್ನ ದಯೆ ಕುಂದಿತೆ?’ ಎಂಬುದು. ಮೊದಲನೆಯದು ಅಳುವಿನಲ್ಲಿ ಕೊನೆಗೊಳ್ಳುತ್ತದೆ. ಎರಡನೆಯದು ತಪ್ಪನ್ನು ಒಪ್ಪಿ, ತಿದ್ದಿಕೊಂಡು, ಮರುದಿನ ಪ್ರಸನ್ನಚಿತ್ತದಿಂದ ನಿಯಮಕ್ಕೆ ಹಿಂದಿರುಗುವಂತೆ ಮಾಡುತ್ತದೆ. ಹೀಗೆ ಹಿಂದಿರುಗಬಲ್ಲವನಿಗೆ ನಿಯಮವು ಸಂಕೋಲೆಯಲ್ಲ, ಊರುಗೋಲು.